ಕೊನೆಯ ಪುಟದ ತಳದ ಸಾಲು

ಕಾಯ್ದೆಗೂ ನನಗೂ ಏನೋ ಋಣಾನುಬಂಧ ಇರಬೇಕು. ಬೇರೆಯವರಿಗೆ ಅದು ಕೋರ್ಟಿನ ಮೆಟ್ಟಿಲ ಮೇಲೆ ಭೇಟಿಯಾಗುತ್ತದೆ. ನನಗೆ ಹೆಣ್ಣು ನೋಡಲು ಹೋದಲ್ಲಿ, ಬಸ್ಸಿನಲ್ಲಿ, ಕ್ಷೌರದಂಗಡಿಯಲ್ಲಿ, ಎರಡು ಸಲವಂತೂ ಬೆಳಗಿನ ಅವಲಕ್ಕಿ ತಟ್ಟೆಯ ಮುಂದೆಯೇ ಭೇಟಿಯಾಗಿದೆ. ಈಗಲೂ ಆಗುತ್ತಲೇ ಇದೆ.

ನಾನು ಅಥಣಿಯ ಒಂದು ನಾಲ್ಕು ಪುಟದ ವಾರಪತ್ರಿಕೆಯ ಮುದ್ರಕನಾಗಿದ್ದೆ. ಸಂಪಾದಕರು ಬರೆಯುತ್ತಿದ್ದರು, ನಾನು ಅಚ್ಚು ಹಾಕುತ್ತಿದ್ದೆ. ಪತ್ರಿಕೆಯ ಕೊನೆಯ ಪುಟದ ತಳದಲ್ಲಿ, ಕಣ್ಣಿಗೆ ಕಂಡೂ ಕಾಣದ ಅಕ್ಷರದಲ್ಲಿ ಒಂದು ಸಾಲು ಇರುತ್ತದೆ: ಮುದ್ರಕರು ಇಂಥವರು, ಪ್ರಕಾಶಕರು ಮತ್ತು ಸಂಪಾದಕರು ಇಂಥವರು, ಅಚ್ಚಾದದ್ದು ಇಂಥಲ್ಲಿ. ಅದು ನಮ್ಮ ಖುಷಿಗೆ ಹಾಕಿಕೊಂಡದ್ದಲ್ಲ, ಬ್ರಿಟಿಷರ ಕಾಲದಿಂದಲೂ ಕಾಯ್ದೆಯೇ ಹಾಕಿಸುತ್ತ ಬಂದದ್ದು. ಆ ಸಾಲನ್ನು ಪ್ರಪಂಚದಲ್ಲಿ ಯಾರೂ ಓದುವುದಿಲ್ಲ. ನನ್ನ ಮಾವನವರನ್ನು ಬಿಟ್ಟು.

೧. ಹೆಸರಿದ್ದ ಗಂಡು

ಮಾವನವರು ಉಗಾರ ಖುರ್ದದವರು. ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ರಸ ಕುದಿಸುವ ಕೆಲಸದಲ್ಲಿದ್ದರು. ಹೆಣ್ಣು ನೋಡಲು ಹೋದಾಗ ಅವರು ನನ್ನನ್ನು ಬಿಟ್ಟು ನಮ್ಮ ಕಾಕಾನನ್ನು ಕೇಳಿದರು.

"ಹುಡುಗ ಏನ ಮಾಡತಾನ್ರಿ?"

"ಪ್ರೆಸ್ಸಿನ್ಯಾಗ ಅದಾನ್ರಿ."

"ಅಂದ್ರ, ಮಷೀನ ತಿರುವತಾನ."

ಆ ಮಾತಿನಲ್ಲಿ ಮದುವೆ ಅರ್ಧ ಮುರಿದಿತ್ತು. ನಾನು ನಾಚಿಕೆ ಬಿಟ್ಟು ಚೀಲದಿಂದ ಪತ್ರಿಕೆ ತೆಗೆದು ಕೊನೆಯ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದೆ. ಮಾವನವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು.

"ನಿಮ್ಮ ಹೆಸರ ಯಾಕ ಹಾಕ್ಯಾರ?"

"ಹಾಕಲೇಬೇಕ್ರಿ. ಹಾಕದಿದ್ರ ಕಾಯ್ದೆ ಪ್ರಕಾರ ಶಿಕ್ಷಾ ಐತ್ರಿ."

ಅವರು ಕನ್ನಡಕ ತೆಗೆದು ನನ್ನ ಮುಖ ನೋಡಿದ ರೀತಿ ನನಗೆ ಇಂದಿಗೂ ನೆನಪಿದೆ. ಆಮೇಲೆ ಒಳಗಿದ್ದ ಹೆಂಡತಿಯನ್ನು ಕೂಗಿ ಹೇಳಿದರು: "ಕೇಳಿದೇನ? ಇಷ್ಟ ವರ್ಷ ಸಕ್ಕರಿ ಕುದಿಸೇನಿ, ಒಂದ ಚೀಲದ ಮ್ಯಾಲ ನನ್ನ ಹೆಸರಿಲ್ಲ. ಈ ಹುಡುಗನ ಹೆಸರ ಹಾಕದಿದ್ರ ಸರಕಾರಕ್ಕ ಸಿಟ್ಟ ಬರತೈತಂತ!"

ಮದುವೆ ಆಯಿತು. ಮಾವನವರು ಚಂದಾದಾರರಾದರು. ವಾರವಾರವೂ ಪತ್ರಿಕೆ ಬಂದ ಕೂಡಲೇ ಹಿಂದುಮುಂದಾಗಿ ತಿರುಗಿಸಿ, ತಳದ ಸಾಲು ಓದಿ, ಮಗಳಿಗೆ ಫೋನ್ ಮಾಡುವರು: "ಅದಾರವ್ವ. ಈ ವಾರಾನೂ ಅದಾರ." ಹೆಸರು ಇದೆ ಎಂದರೆ ಅಳಿಯ ಇದ್ದಾರೆ ಎಂದೇ ಅವರ ಲೆಕ್ಕ. ಮೇಲಿನ ಸುದ್ದಿಯ ಕಡೆ ಅವರು ಕಣ್ಣೆತ್ತಿಯೂ ನೋಡಿದವರಲ್ಲ.

ಒಂದು ವಾರ ದ್ರಾಕ್ಷಿ ಔಷಧಿಯ ಜಾಹೀರಾತು ಉದ್ದವಾಗಿ ತಳದ ಸಾಲು ಬಿದ್ದುಹೋಯಿತು. ನಮಗೆ ಗೊತ್ತೇ ಆಗಿರಲಿಲ್ಲ. ಮರುದಿನ ಮೊದಲ ಬಸ್ಸಿಗೆ ಮಾವನವರು, ಅತ್ತೆಯವರು, ಬಿಳಿ ಪಟಗಾ ಸುತ್ತಿದ ಇಬ್ಬರು ಹಿರಿಯರು ಮನೆಯ ಮುಂದೆ ಇಳಿದರು. ಅತ್ತೆಯವರ ಕಣ್ಣಲ್ಲಿ ಆಗಲೇ ನೀರು. ನಾನು ಅವಲಕ್ಕಿ ತಿನ್ನುತ್ತ ಕುಳಿತಿದ್ದೆ.

"ಅದೀರಲ್ಲ!" ಎಂದರು ಮಾವನವರು. ಸಂತೋಷಪಡುತ್ತಾರೆ ಎಂದುಕೊಂಡೆ. ಅವರ ಮುಖ ಗಂಟಾಯಿತು. "ಅಂದ್ರ, ಗಟ್ಟಿಮುಟ್ಟಾಗಿ ಇದ್ದುಕೊಂಡ ಕಾಯ್ದೆ ಮುರದೀರಿ."

೨. ಮುದ್ರಕರು ತಾವೇ

ಪತ್ರಿಕೆ ಓದುವವರೆಲ್ಲ ಮೊಬೈಲಿಗೆ ಹತ್ತಿಕೊಂಡಾಗ ನಮ್ಮ ಸಂಪಾದಕರು ಒಂದು ನಿರ್ಧಾರಕ್ಕೆ ಬಂದರು. ಕಾಗದ ಸಾಕು, ಇನ್ನು ವೆಬ್‌ಸೈಟು. ಸಂಪಾದಕರ ಸ್ವಭಾವ ಹೇಳಬೇಕೆಂದರೆ, ರಸ್ತೆ ಖಾಲಿ ಇದ್ದರೂ ಕೈ ತೋರಿಸಿಯೇ ಸೈಕಲ್ ತಿರುಗಿಸುವವರು. ಕಾಯ್ದೆಯೆಂದರೆ ಅಷ್ಟು ಭಕ್ತಿ.

ವೆಬ್‌ಸೈಟು ಮಾಡಿಕೊಟ್ಟವರು ನಿಪ್ಪಾಣಿಯ ಒಬ್ಬ ಹೆಣ್ಣುಮಗಳು; ನಾವು ತಾಯಿ ಎಂದೇ ಕರೆಯುವುದು. ತಂಬಾಕಿನ ವ್ಯಾಪಾರಿಗಳಿಗೆಲ್ಲ ಅವರೇ ಮಾಡಿಕೊಡುವುದು. ಮಾತಿನಲ್ಲಿ ಅರ್ಧ ಕನ್ನಡ, ಅರ್ಧ ಮರಾಠಿ. ಮುಂಜಾನೆ ಬಂದವರು ಮಧ್ಯಾಹ್ನದ ಊಟದ ಹೊತ್ತಿಗೆ ನಮ್ಮ ಪತ್ರಿಕೆಯನ್ನು ಗಾಜಿನೊಳಗೆ ನಿಲ್ಲಿಸಿಬಿಟ್ಟರು. ನಾನು ಬೆರಗಾಗಿ ನೋಡಿದೆ. ನಮ್ಮ ಮಷೀನು ಬಂದಾಗ ಅದನ್ನು ಲಾರಿಯಿಂದ ಇಳಿಸಲಿಕ್ಕೇ ಆರು ಜನ ಬೇಕಾಗಿತ್ತು.

"ಇಲ್ಲಿ ಖಾಲಿ ತಳದಾಗ ಕಾಯ್, ಏನ ಹಾಕೂದು, ದಾದಾ?" ಎಂದು ಅವರು ಕೇಳಿದರು.

"ಮುದ್ರಕರ ಹೆಸರ ಹಾಕ್ರಿ," ಎಂದೆ ನಾನು, ಎಷ್ಟೋ ವರ್ಷದ ರೂಢಿಯಂತೆ.

"ಹ್ಯಾಲಾ ಮುದ್ರಕ ನಸ್ತೊ, ಇದಕ್ಕ ಮುದ್ರಕ ಇರೂದಿಲ್ಲ, ದಾದಾ. ಯಾರ ತಗದ ನೋಡತಾರೋ ಅವರ ಫೋನಿನ್ಯಾಗ ಛಾಪ ಆಗತೈತಿ. ನಿಮ್ದು ಕೆಲಸ ಇಲ್ಲ."

ನಿಮ್ದು ಕೆಲಸ ಇಲ್ಲ. ಎಷ್ಟು ಸಲೀಸಾಗಿ ಹೇಳಿಬಿಟ್ಟರು! ನಾನು ಬಾಯಿ ತೆಗೆಯುವ ಮೊದಲೇ ಸಂಪಾದಕರು ಗಂಭೀರವಾಗಿ ತಲೆಯಾಡಿಸಿದರು. ಯಾರ ಫೋನಿನಲ್ಲಿ ಅಚ್ಚಾಗುತ್ತದೋ ಅವರೇ ಮುದ್ರಕರು ಎಂದಮೇಲೆ ಅದನ್ನು ಹೇಳುವುದು ನಮ್ಮ ಧರ್ಮ ಎಂದು ಅವರ ಹಟ. ಹೀಗಾಗಿ ವೆಬ್‌ಸೈಟು ಹೊರಟ ದಿನ ತಳದಲ್ಲಿ ಈ ಸಾಲಿತ್ತು: "ಮುದ್ರಕರು: ಓದುತ್ತಿರುವ ತಾವೇ."

ಆ ದಿನವೆಲ್ಲ ಕಚೇರಿಯ ಫೋನ್ ಬಿಡುವಿಲ್ಲದೆ ಬಡಿದುಕೊಂಡಿತು. "ಸಾಹೇಬ್ರ, ನಾ ಏನೂ ಛಾಪಿಸಿಲ್ರಿ, ಬರೇ ನೋಡೇನಿ" ಎಂದರು ಒಬ್ಬರು. "ನನ್ನ ಫೋನಲ್ರಿ, ನಮ್ಮ ಅಳಿಯಂದು" ಎಂದರು ಇನ್ನೊಬ್ಬರು. ರಾಯಬಾಗದ ನಿವೃತ್ತ ಮಾಸ್ತರರೊಬ್ಬರು ಇದೆಲ್ಲ ಬಾಯಿಮಾತಿನಲ್ಲಿ ಮುಗಿಯುವ ವಿಷಯವಲ್ಲವೆಂದು ರಿಜಿಸ್ಟರ್ಡ್ ಅಂಚೆಯಲ್ಲಿ ಬರೆದರು: "ದಿನಾಂಕ ಇಂದಿನಿಂದ ನಾನು ಮುದ್ರಕ ಹುದ್ದೆಗೆ ರಾಜೀನಾಮೆ ನೀಡಿರುತ್ತೇನೆ."

೩. ಮಷೀನು ಯಾವ ತಾಲೂಕಿನಲ್ಲಿದೆ

ಆ ಸಾಲು ತೆಗೆದೆವು. ತೆಗೆದಮೇಲೆ ಸಂಪಾದಕರಿಗೆ ಚಿಂತೆ ಹತ್ತಿತು. ಹೊಸ ಪತ್ರಿಕೆ ಹೊರಡಿಸುವ ಮೊದಲು ಚಿಕ್ಕೋಡಿಯ ದೊಡ್ಡ ಕಚೇರಿಯಲ್ಲಿ ಘೋಷಣೆ ಕೊಡುವುದು ಹಳೆಯ ಪದ್ಧತಿ. ಇದಕ್ಕೆ ಕೊಟ್ಟಿಲ್ಲವಲ್ಲ! ಅವರು ಹಳೆಯ ಅರ್ಜಿ ನಮೂನೆ ಹುಡುಕಿ ತೆಗೆದರು. ಅದರಲ್ಲಿ ಮುದ್ರಣ ಯಂತ್ರ ಎಲ್ಲಿದೆ ಎಂಬ ಕಲಮು ಇತ್ತು. ಕೇಳಿದರೆ ತೋರಿಸಲು ಇರಲಿ ಎಂದು ಕಚೇರಿಯ ಕಂಪ್ಯೂಟರನ್ನೇ ಬಿಚ್ಚಿ, ದ್ರಾಕ್ಷಿಯ ಕ್ರೇಟಿನಲ್ಲಿ ಹುಲ್ಲು ಹಾಸಿ ಇಟ್ಟು, ಇಬ್ಬರೂ ಚಿಕ್ಕೋಡಿಯ ಬಸ್ಸು ಹತ್ತಿದೆವು.

"ಒಳಗ ಏನೈತ್ರಿ?" ಎಂದ ಕಂಡಕ್ಟರ್.

"ಪತ್ರಿಕೆ," ಎಂದರು ಸಂಪಾದಕರು.

ಕಂಡಕ್ಟರ್ ಹುಲ್ಲು ಸರಿಸಿ ನೋಡಿ, ಟಿಕೆಟು ಹರಿದು ಕೊಟ್ಟು ಮುಂದೆ ಹೋದ.

ಕಚೇರಿಯ ಗುಮಾಸ್ತರು ನಿವೃತ್ತಿಗೆ ಹತ್ತಿರವಾದವರು, ಬಹಳ ಸಭ್ಯಸ್ಥರು. ಕ್ರೇಟನ್ನು ಮೇಜಿನ ಮೇಲೆ ಇಡಿಸಿಕೊಂಡು ಒಂದು ಸುತ್ತು ಹಾಕಿ ನೋಡಿದರು.

"ಇದರಾಗ ಪೇಪರ್ ಐತಿ?"

"ಇದರಾಗ ಇಲ್ರಿ. ಸರ್ವರ್ ಅಂತ ಇರತೈತ್ರಿ, ಅದರಾಗ ಐತಿ."

"ಅದ ಯಾವ ತಾಲೂಕಿನ್ಯಾಗ ಐತಿ?"

ನಿಪ್ಪಾಣಿಯ ತಾಯಿಗೆ ಫೋನ್ ಮಾಡಿದೆವು. ಸಿಂಗಾಪುರದಲ್ಲಿದೆ ಎಂದರು ಅವರು, ಮಾರ್ಕೆಟ್ಟಿನಲ್ಲಿದೆ ಎನ್ನುವಷ್ಟು ಸಹಜವಾಗಿ. ಅಥಣಿಯ ಚರಂಡಿಯ ಸುದ್ದಿ ಸಿಂಗಾಪುರಕ್ಕೆ ಹೋಗಿ, ಅಲ್ಲಿಂದ ತಿರುಗಿ ಅಥಣಿಗೆ ಬಂದು, ಅದೇ ಚರಂಡಿಯ ದಂಡೆಯಲ್ಲಿ ನಿಂತವನ ಕೈಯಲ್ಲಿ ಬಿಚ್ಚಿಕೊಳ್ಳುತ್ತದೆ. ಅದೂ ಕಣ್ಣು ಮುಚ್ಚಿ ತೆರೆಯುವುದರೊಳಗೆ. ನಮ್ಮ ಪತ್ರಿಕೆ ಅಥಣಿಯಿಂದ ಅದೇ ತಾಲೂಕಿನ ತೆಲಸಂಗ ಮುಟ್ಟಲು ಎಷ್ಟೋ ಸಲ ಎರಡು ದಿನ ಹಿಡಿದದ್ದುಂಟು.

ಗುಮಾಸ್ತರಿಗೂ ಬೆರಗಾಯಿತು. ಆದರೆ ಕಲಮು ತುಂಬಬೇಕಲ್ಲ. ಪೆನ್ನು ಗದ್ದಕ್ಕೆ ಒತ್ತಿಕೊಂಡು ಯೋಚಿಸಿದರು.

"ಗಡಿ ಆಚೆ ಐತಿ ಅಂದಂಗಾತು?"

"ಹೌದ್ರಿ."

"ಹಂಗಾರ ಕಾಗವಾಡ ಅಂತ ಬರೀರಿ. ಗಡಿ ದಾಟೂದ ಅಲ್ಲಿಂದನ."

ಹಾಗೆ ಬರೆದೂ ಆಯಿತು. ಆಗ ಒಳಗಿನಿಂದ ಅವರ ಮೇಲಧಿಕಾರಿ ಬಂದು ಅರ್ಜಿ ಓದಿ ನಕ್ಕರು. ಹಳೆಯ ಕಾಯ್ದೆ ಹೋಗಿ ಹೊಸದು ಬಂದಿದೆ, ಎರಡೂ ಕಾಗದದ ಪತ್ರಿಕೆಗೇ ಹೊರತು ವೆಬ್‌ಸೈಟಿಗೆ ಹತ್ತುವುದಿಲ್ಲ, ಮುದ್ರಕರ ಹೆಸರು ನಮಗೆ ಬೇಕಾಗಿಲ್ಲ ಎಂದರು. ಪಾಪ, ಒಳ್ಳೆಯ ಮಾತಿನಲ್ಲೇ ಹೇಳಿದರು. ಆದರೂ ಇಷ್ಟು ವರ್ಷ ನನ್ನ ಹೆಸರಿಲ್ಲದಿದ್ದರೆ ಸಿಟ್ಟಾಗುತ್ತಿದ್ದ ಸರ್ಕಾರ ಇಂದು ಬೇಡ ಎಂದಿತ್ತು. ನನಗಿಂತ ಹೆಚ್ಚಾಗಿ ಉಗಾರದಲ್ಲಿ ಕನ್ನಡಕ ಹಾಕಿಕೊಂಡು ಕಾಯುವವರಿಗೆ ಏನು ಹೇಳಲಿ?

ತಿರುಗಿ ಬರುವಾಗ ಅದೇ ಕಂಡಕ್ಟರ್ ಸಿಕ್ಕ. ಕ್ರೇಟು ನೋಡಿ ಕೇಳಿದ: "ಯಾಕ್ರಿ, ಪತ್ರಿಕೆ ಖರ್ಚಾಗಲಿಲ್ಲೇನು?"

೪. ಒಬ್ಬರೇ ಓದುಗರು

ಮಾವನವರಿಗೆ ಈಗ ವಯಸ್ಸಾಗಿದೆ. ತಳದ ಸಾಲು ನಿಂತಿದೆ ಎಂದರೆ ಅಳಿಯನಿಗೆ ಏನೋ ಆಗಿದೆ ಎಂದೇ ಅವರು ತಿಳಿಯುವುದು. "ಅಪ್ಪಗ ಈಗ ಹೇಳಬ್ಯಾಡ್ರಿ" ಎಂದಳು ಹೆಂಡತಿ. ನಾನು ಒಂದು ಉಪಾಯ ಮಾಡಿದೆ. ವಾರಕ್ಕೊಮ್ಮೆ ಮಷೀನಿನ ಧೂಳು ಒರೆಸಿ, ವೆಬ್‌ಸೈಟಿನ ಸುದ್ದಿಯನ್ನೇ ಜೋಡಿಸಿ, ಒಂದೇ ಒಂದು ಪ್ರತಿ ಅಚ್ಚು ಹಾಕುವುದು. ತಳದಲ್ಲಿ ಆ ಸಾಲು. ಉಗಾರದ ಬಸ್ಸಿನಲ್ಲಿ ಕಳಿಸಿಬಿಡುವುದು.

ಮೂರನೆಯ ವಾರ ಸಂಪಾದಕರ ಕೈಗೆ ಸಿಕ್ಕಿಬಿದ್ದೆ.

"ನಿಂತ ಪತ್ರಿಕೆ ಛಾಪಿಸಾಕತ್ತೀರಿ! ನಿಲ್ಲಿಸೇವಿ ಅಂತ ಸರಕಾರಕ್ಕ ಬರಕೊಟ್ಟೇನಿ. ಇದು ಗುನ್ಹೆ ಆಗತೈತಿ!"

"ಒಂದ ಪ್ರತಿ ಅಷ್ಟ್ರಿ. ನಮ್ಮ ಮಾವಾರಿಗೆ."

ಅವರು ಆ ಒಂದು ಪ್ರತಿಯನ್ನು ಕೈಗೆತ್ತಿಕೊಂಡರು. ಮೂಸಿ ನೋಡಿದರು. ಕಾಗದದ ಮೇಲೆ ತಮ್ಮ ಬರವಣಿಗೆ ನೋಡಿ ಅವರಿಗೂ ಎಷ್ಟೋ ದಿನವಾಗಿತ್ತು. "ಛಾಪಿಸೂದಾದ್ರ ಚಂದ ಛಾಪಿಸ್ರಿ. ಈ ತಲೆಬರಹ ಸಪ್ಪಗ ಐತಿ" ಎಂದು ಕುಳಿತು ಬದಲಾಯಿಸಿಕೊಟ್ಟರು.

ಗುಟ್ಟು ಹೊರಬಿದ್ದದ್ದು ಉಗಾರದ ಕ್ಷೌರದಂಗಡಿಯಲ್ಲಿ. ಕ್ಷೌರಿಕರೂ ನಮ್ಮ ಹಳೆಯ ಚಂದಾದಾರರು. ಅವರಿಗೆ ಪತ್ರಿಕೆ ನಿಂತಿದೆ, ಊರಿನಲ್ಲಿ ಯಾರಿಗೂ ಬರುತ್ತಿಲ್ಲ, ಮಾವನವರಿಗೆ ಮಾತ್ರ ತಪ್ಪದೆ ಬರುತ್ತಿದೆ. ಮಾವನವರು ದುಃಖಪಡಲಿಲ್ಲ, ಸಂಶಯವನ್ನೂ ಪಡಲಿಲ್ಲ. ಕುರ್ಚಿಯ ಮೇಲೆ ನೆಟ್ಟಗೆ ಕುಳಿತು, ಗಲ್ಲಕ್ಕೆ ಸಾಬೂನು ಇರುವಂತೆಯೇ ಸಾರಿದರಂತೆ: "ಈಗ ಪೇಪರ್ ಕಂಡಕಂಡವರಿಗೆ ಕೊಡೂದಿಲ್ಲ. ಆರಿಸಿ ಕೊಡತಾರ."

ಮರುದಿನ ಕ್ಷೌರಿಕರು ಸಂಪಾದಕರಿಗೆ ಫೋನ್ ಮಾಡಿದರು. ಅವರ ದನಿ ಬಹಳ ನೊಂದಿತ್ತು. "ಹಳೇ ಚಂದಾದಾರ ನಾನು. ಆರಿಸೂವಾಗ ನಮ್ಮಿಂದ ಏನ ತಪ್ಪಾಗಿತ್ರಿ?"

ಮುಂದಿನ ವಾರ ಅರ್ಧ ಉಗಾರ ತಮ್ಮನ್ನೂ ಆರಿಸಿರೆಂದು ಕೇಳತೊಡಗಿತು. ಒಂದು ಪ್ರತಿಯ ಅಪರಾಧವನ್ನು ಸಹಿಸಿದ್ದ ಸಂಪಾದಕರು ಕೈ ಮುಗಿದುಬಿಟ್ಟರು. ಮಷೀನಿಗೆ ಗೋಣಿತಟ್ಟು ಹೊದಿಸಿದೆ. ಹೆಂಡತಿ ಅಳುತ್ತ ಅಪ್ಪನಿಗೆ ಫೋನಿನಲ್ಲಿ ಎಲ್ಲ ಹೇಳಿದಳು. ಆ ಕಡೆಯಿಂದ ಬಂದದ್ದು ಒಂದೇ ಪ್ರಶ್ನೆ: "ಹಂಗಾರ ಇನ್ನ ಮ್ಯಾಲ ಅವರ ಹೆಸರ ಎಲ್ಲಿ ನೋಡಲಿ?"

ಇದರಲ್ಲಿ ನಗುವಂಥದ್ದೇನೂ ಇಲ್ಲ. ಆ ದಿನ ನಾವು ಯಾರೂ ನಗಲಿಲ್ಲ.

೫. ಮೊಬೈಲ್ ನೋಡಿದ ರಾಜ

ನಮ್ಮ ವೆಬ್‌ಸೈಟಿನಲ್ಲಿ ಓದುಗರೇ ಬರೆಯುವ ಒಂದು ಕಟ್ಟೆ ಇದೆ. ಅಲ್ಲಿ ತೆಲಸಂಗದವರೊಬ್ಬರು ಬರೆದರು: "ನಮ್ಮೂರ ನಾಟಕದಲ್ಲಿ ರಾಜನ ಪಾತ್ರದವರು ಮಾತು ಮರೆತು, ಸಿಂಹಾಸನದ ಮೇಲೆ ಕುಳಿತಲ್ಲೇ ಮೂರು ಸಲ ಮೊಬೈಲ್ ನೋಡಿ ಹೇಳಿದರು." ನಾಲ್ಕು ದಿನಕ್ಕೆ ರಾಜನ ಪರವಾಗಿ ರಾಯಬಾಗದ ವಕೀಲರ ನೋಟಿಸು ಬಂತು. ಸಂಪಾದಕರು ಎದ್ದು ನಿಂತು ಓದಿದರು. ಇಂಟರ್‌ನೆಟ್ ಸುದ್ದಿಗೂ ನಿಯಮಗಳಿವೆ, ಜನರ ದೂರು ಕೇಳಲು ಒಬ್ಬ ಕುಂದುಕೊರತೆ ಅಧಿಕಾರಿ ಇರಬೇಕು, ದೂರು ಬಂದ ಇಪ್ಪತ್ನಾಲ್ಕು ತಾಸಿನೊಳಗೆ ಮುಟ್ಟಿತು ಎಂದು ತಿಳಿಸಬೇಕು, ಹದಿನೈದು ದಿನದೊಳಗೆ ತೀರ್ಮಾನಿಸಬೇಕು.

"ಇನ್ನೂ ಐತಿ," ಎಂದರು ಸಂಪಾದಕರು ಬೆವರೊರೆಸಿಕೊಂಡು. "ಅಧಿಕಾರಿ ಹೆಸರ ವೆಬ್‌ಸೈಟಿನ ಮ್ಯಾಲ ಹಾಕಲೇಬೇಕಂತ. ಹಾಕದಿದ್ರ ನಿಯಮ ಮುರದಂಗಂತ."

"ಏನಂದ್ರಿ? ಇನ್ನೊಮ್ಮೆ ಓದ್ರಿ."

ಅವರು ಇನ್ನೊಮ್ಮೆ ಓದಿದರು. ಚಿಕ್ಕೋಡಿಯಲ್ಲಿ ನನ್ನನ್ನು ಬೇಡ ಎಂದ ಸರ್ಕಾರ ರಾಯಬಾಗದ ದಾರಿಯಿಂದ ಬಂದು ಹೆಸರು ಕೇಳುತ್ತಿತ್ತು! ಅಲ್ಲಿಯೇ, ನೋಟಿಸಿನ ಬೆನ್ನಿಗೆ, ನನ್ನ ನೇಮಕಾತಿಯಾಯಿತು. ನಿಪ್ಪಾಣಿಯ ತಾಯಿ ಸಂಜೆಯೊಳಗೆ ವೆಬ್‌ಸೈಟಿನ ತಳದಲ್ಲಿ ಸಾಲು ಕೂರಿಸಿದರು: ಕುಂದುಕೊರತೆ ಅಧಿಕಾರಿ, ಮುಂದೆ ನನ್ನ ಹೆಸರು.

ರಾಜರನ್ನು ಕರೆಸಿ ಕೇಳಿದೆ. "ಖರೇ ಹೇಳ್ರಿ, ಮೊಬೈಲ್ ನೋಡೀರೋ ಇಲ್ಲೋ?"

"ನೋಡೇನ್ರಿ. ಆದ್ರ ಒಂದ ಸಲ. ಅವಾ ಮೂರ ಸಲ ಅಂತ ಬರದಾನ. ಇದು ಅನ್ಯಾಯಲ್ಲೇನು?"

ತೀರ್ಮಾನ ಮಾಡಿದೆ. ಮರುದಿನ ವೆಬ್‌ಸೈಟಿನಲ್ಲಿ ದಪ್ಪ ಅಕ್ಷರದಲ್ಲಿ ತಿದ್ದುಪಡಿ ಬಂತು: "ರಾಜರು ಮೊಬೈಲ್ ನೋಡಿದ್ದು ಮೂರು ಸಲ ಅಲ್ಲ, ಒಂದೇ ಸಲ." ರಾಜರು ಅದನ್ನು ತೆಲಸಂಗದಲ್ಲಿ ಮನೆಮನೆಗೆ ತೋರಿಸಿ ಬಂದರು. ನೋಡಿರದವರಿಗೂ ಗೊತ್ತಾಯಿತು.

೬. ತಳವಿಲ್ಲದ ಪತ್ರಿಕೆ

ಭಾನುವಾರ ಉಗಾರಕ್ಕೆ ಹೋಗಿ ಮಾವನವರ ಕೈಗೆ ಮೊಬೈಲ್ ಕೊಟ್ಟೆ. "ತಳಕ್ಕ ಹೋಗ್ರಿ, ಹೆಸರ ಐತಿ" ಎಂದೆ. ಅವರು ಕನ್ನಡಕ ಹಾಕಿ, ಹೆಬ್ಬೆರಳಿನಿಂದ ಮೇಲಕ್ಕೆ ತಳ್ಳಲು ಶುರುಮಾಡಿದರು. ತಳ್ಳಿದಷ್ಟೂ ಹಳೆಯ ಸುದ್ದಿ ಕೆಳಗಿನಿಂದ ಎದ್ದೆದ್ದು ಬರುತ್ತದೆ. ನಿಪ್ಪಾಣಿಯ ತಾಯಿ ಹಾಗೆ ಮಾಡಿದ್ದಾರೆ, ಓದುಗರು ಬಿಟ್ಟು ಹೋಗಬಾರದೆಂದು. ತಳದ ಸಾಲು ಕಂಡಂತೆ ಮಾಡಿ ಕೆಳಗೆ ಓಡುತ್ತದೆ. ನಾನು ಊಟ ಮಾಡಿ ಎದ್ದರೂ ಮಾವನವರು ತಳ್ಳುತ್ತಲೇ ಇದ್ದರು. ಅತ್ತೆಯವರು ಅವರ ಬಾಯಿಗೆ ತುತ್ತು ಇಟ್ಟರು.

ಚಹಾದ ಹೊತ್ತಿಗೆ ಬೆರಳು ಸೋತು ಮೊಬೈಲ್ ಕೆಳಗಿಟ್ಟರು. ಬೇಸರಿಸಿಕೊಂಡಿದ್ದಾರೆ ಎಂದು ನೋಡಿದರೆ ಮುಖದ ತುಂಬ ಬೆರಗು. "ಏನ ದೊಡ್ಡ ಪೇಪರ್ ಮಾಡೀರಿ! ತಳಾನ ಇಲ್ಲ! ಆದ್ರ ನಿಮ್ಮ ಹೆಸರ ಕಾಣಲಿಲ್ಲ. ಇದಕ್ಕ ಯಾರನ ಕೇಳಬೇಕು?"

"ದೂರು ಕೊಡಬೇಕ್ರಿ," ಎಂದೆ ನಗುತ್ತ. ನಾನು ಆಡಿದ್ದು ತಮಾಷೆಗೆ. ಮಾವನವರು ತಮಾಷೆ ಎಂದು ತಿಳಿಯಲಿಲ್ಲ.

ಮರುದಿನ ಕ್ಷೌರಿಕರ ಮೊಬೈಲಿನಿಂದ ಮೊದಲ ದೂರು ಬಂತು: "ಅಳಿಯನ ಹೆಸರು ಕಾಣುತ್ತಿಲ್ಲ." ನಿಯಮದಂತೆ ಉತ್ತರ ಬರೆದೆ: "ತಮ್ಮ ದೂರು ಮುಟ್ಟಿದೆ. ಕುಂದುಕೊರತೆ ಅಧಿಕಾರಿ," ಕೆಳಗೆ ನನ್ನ ಹೆಸರು. ಅರ್ಧ ತಾಸಿನಲ್ಲಿ ನನ್ನ ಹೆಂಡತಿಗೆ ಮಾವನವರ ಫೋನ್ ಬಂತು. ಎಷ್ಟೋ ದಿನದ ಮೇಲೆ ಆ ದನಿ ಮೊದಲಿನಂತಾಗಿತ್ತು. "ಅದಾರವ್ವ! ಅಂಗಡ್ಯಾಗ ಎಲ್ಲಾರ ಮುಂದ ಓದಿಸೇನಿ. ಅದಾರ!"

ಅಂದಿನಿಂದ ವಾರಕ್ಕೊಂದು ದೂರು. "ಈ ವಾರ ದೂರು ಏನೂ ಇಲ್ಲ" ಎಂದು ಒಮ್ಮೆ, "ಹಿಂದಿನ ಉತ್ತರ ಚಂದ ಇತ್ತು" ಎಂದು ಇನ್ನೊಮ್ಮೆ. ದೂರು ಎಂದಮೇಲೆ ದೂರೇ; ಸಂಪಾದಕರು ಎಲ್ಲವನ್ನೂ ದಾಖಲು ಮಾಡಿಸುತ್ತಾರೆ, ಇಪ್ಪತ್ನಾಲ್ಕು ತಾಸಿನೊಳಗೆ ನಾನು ಹೆಸರು ಹಾಕಿ ಉತ್ತರಿಸುತ್ತೇನೆ.

ಹೋದ ತಿಂಗಳು ಜ್ವರ ಬಂದು ಒಂದು ದಿನ ಮಲಗಿದೆ. ಆ ವಾರದ ಉತ್ತರಕ್ಕೆ ತಡವಾಯಿತು. ಮರುದಿನ ಮೊದಲ ಬಸ್ಸಿಗೆ ಮಾವನವರು, ಅತ್ತೆಯವರು ಬಂದಿಳಿದರು. ಪಟಗಾದ ಹಿರಿಯರಿಬ್ಬರೂ ಈಗ ಇಲ್ಲ. ಅವರ ಜಾಗದಲ್ಲಿ ಕ್ಷೌರಿಕರು ಬಂದಿದ್ದರು. ನಾನು ಅವಲಕ್ಕಿ ಮುಂದಿಟ್ಟುಕೊಂಡು ಕುಳಿತಿದ್ದೆ.

ಮಾವನವರು ನನ್ನ ಕಡೆ ನೋಡಲೇ ಇಲ್ಲ. ಸೀದಾ ಕುರ್ಚಿ ಎಳೆದು ಕುಳಿತರು.

"ಇಪ್ಪತ್ನಾಕ ತಾಸ ಮೀರಿ ಹೋತು. ಅಧಿಕಾರಿ ಉತ್ತರ ಕೊಟ್ಟಿಲ್ಲ. ಅವರ ಮ್ಯಾಲ ದೂರ ಕೊಡೂದೈತಿ. ಯಾರಿಗೆ ಕೊಡಬೇಕು?"

"ಅದೂ ಮೊದಲ ನನಗ ಕೊಡಬೇಕ್ರಿ, ಮಾವಾರ."

"ಹಂಗಾರ ಬರಕೊಳ್ರಿ."

ಅವಲಕ್ಕಿ ಸರಿಸಿ ಬರೆದುಕೊಂಡೆ. ನನ್ನ ಮೇಲಿನ ದೂರನ್ನು ನಾನೇ ಸ್ವೀಕರಿಸಿ, ಮುಟ್ಟಿದೆ ಎಂದು ಇನ್ನೊಂದು ಹಾಳೆಯ ಮೇಲೆ ಬರೆದು, ಕೆಳಗೆ ಹೆಸರು ಹಾಕಿ ಕೊಟ್ಟೆ. ಮಾವನವರು ಕನ್ನಡಕ ಏರಿಸಿ, ಮೇಲಿನದೆಲ್ಲ ಬಿಟ್ಟು, ತಳದ ಸಾಲನ್ನು ಎರಡು ಸಲ ಓದಿದರು. ಹಾಳೆಯನ್ನು ಮಡಚಿ ಕಿಸೆಯಲ್ಲಿಟ್ಟುಕೊಂಡು, ನನ್ನ ಪಕ್ಕದಲ್ಲೇ ಕಣ್ಣೀರು ಹಾಕುತ್ತ, ಹಣೆ ಮುಟ್ಟಿ ಜ್ವರ ನೋಡುತ್ತ ನಿಂತಿದ್ದ ಅತ್ತೆಯವರಿಗೆ ಹೇಳಿದರು:

"ಅಳಬ್ಯಾಡ. ಅದಾರ."